ಸಿಲಿಂಡರಿನ ಮೂರನೇ ಹೊಡೆತ

ಲೆಮಾನನ ನಾಡಿ ನೋಡಲು ಅವನ ಹೆಂಡತಿ ಸಿನೇವಾಳಿಗೆ ದಿನಕ್ಕೆ ಒಂದೇ ಅವಕಾಶ ಸಿಗುತ್ತಿತ್ತು. ಅದು ಸಂಜೆಯ ಪ್ರಾರ್ಥನೆಯ ಹೊತ್ತು. ಬೇರೆ ಯಾವಾಗಲಾದರೂ ಅವಳ ಬೆರಳು ಮಣಿಕಟ್ಟಿನ ಹತ್ತಿರ ಬಂದರೆ ಅವನು ಕೈ ಕೊಡವಿಬಿಡುತ್ತಿದ್ದ.

"ಹಂದಿ ಕೊಯ್ಯೋಕೆ ಮುಂಚೆ ಮುಟ್ಟಿ ಮುಟ್ಟಿ ನೋಡ್ತಾರಲ್ಲ, ಹಾಗೆ ನೋಡ್ಬೇಡ ನನ್ನ" ಎನ್ನುತ್ತಿದ್ದ.

ಪ್ರಾರ್ಥನೆಯಲ್ಲಿ ಮಾತ್ರ ಅವನು ಕದಲುವಂತಿರಲಿಲ್ಲ. ಮನೆಗೆ ಗೋಡೆಗಳಿಲ್ಲ, ಕಂಬಗಳಷ್ಟೇ. ಚಾಪೆಯ ಮೇಲೆ ಕೂತವರು ರಸ್ತೆಗೂ ಕಾಣುತ್ತಾರೆ, ಅಕ್ಕಪಕ್ಕದ ಮನೆಗಳಿಗೂ ಕಾಣುತ್ತಾರೆ. ದೇವರ ಹೊತ್ತಿನಲ್ಲಿ ಹೆಂಡತಿಯ ಕೈ ಕೊಡವಿದ ಯಜಮಾನ ಎಂದು ಹೆಸರು ತೆಗೆದುಕೊಳ್ಳುವಷ್ಟು ದಡ್ಡ ಅವನಲ್ಲ. ಅದು ಗೊತ್ತಿದ್ದೇ ಸಿನೇವಾ ಅವನ ಬಲಕ್ಕೆ ಕೂತು, ಭಕ್ತಿಯಿಂದೆಂಬಂತೆ ಅವನ ಕೈಯ ಮೇಲೆ ಕೈಯಿಟ್ಟು, ಎರಡು ಬೆರಳನ್ನು ಮೆಲ್ಲಗೆ ಮಣಿಕಟ್ಟಿಗೆ ಜಾರಿಸುತ್ತಿದ್ದಳು. ಮುದುಕ ಮುದುಕಿಗೆ ಈ ವಯಸ್ಸಿನಲ್ಲಿ ಹೊಸದಾಗಿ ಪ್ರೀತಿ ಹುಟ್ಟಿದೆ ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. ನಗಲಿ ಎಂದು ಅವಳೂ ಸುಮ್ಮನಿದ್ದಳು.

ಲೆಮಾನ ಎನ್ನುವುದು ಅವನ ಮನೆತನದ ಪಟ್ಟದ ಹೆಸರು. ಪಟ್ಟ ಬಂದ ಮೇಲೆ ಹುಟ್ಟುಹೆಸರನ್ನು ಯಾರೂ ಕರೆದಿರಲಿಲ್ಲ, ಸಿನೇವಾ ಕೂಡ. ಊರಿನ ಯಜಮಾನರ ಸಭೆಯಲ್ಲಿ ಅವನಿಗೆ ತನ್ನದೇ ಒಂದು ಕಂಬವಿತ್ತು, ಆ ಕಂಬಕ್ಕೆ ಬೆನ್ನು ಕೊಟ್ಟು ಕೂರುವ ಹಕ್ಕಿತ್ತು. ಹೋದ ಮಳೆಗಾಲದ ಕೊನೆಯಲ್ಲಿ ಅವನಿಗೆ ಹೃದಯಾಘಾತ ಆದದ್ದೂ ಆ ಕಂಬದ ಬುಡದಲ್ಲೇ. ಸಭೆಯಲ್ಲಿ ಕುಡಿಯುವ ಬೇರಿನ ರಸ ಆವಾದ ಬಟ್ಟಲು ಸರದಿಯಂತೆ ಸುತ್ತುತ್ತಿತ್ತು. ಎದೆಯೊಳಗೆ ಯಾರೋ ಮೊಣಕಾಲೂರಿ ಕೂತ ಹಾಗಾಯಿತು. ಆದರೆ ಬಟ್ಟಲು ಸುತ್ತುವಾಗ ಎದ್ದು ಹೋಗುವುದುಂಟೇ? ಕಾಲು ಚಾಚುವುದೂ ಇಲ್ಲ. ಅವನು ಚಕ್ಕಂಬಕ್ಕಳ ಬಿಚ್ಚದೆ, ಬೆವರು ಒರೆಸಿಕೊಳ್ಳದೆ, ಎಲ್ಲರ ಭಾಷಣ ಮುಗಿಯುವವರೆಗೆ ಕೂತ. ಲೆಮಾನ ಇವತ್ತು ಮಾತಾಡುತ್ತಿಲ್ಲ, ಯಾವುದೋ ಜಾಗದ ತಕರಾರಿಗೆ ಮುನಿಸಿಕೊಂಡಿದ್ದಾನೆ ಎಂದುಕೊಂಡ ಉಳಿದವರು ಅವನನ್ನು ಸಮಾಧಾನ ಮಾಡಲು ಇನ್ನಷ್ಟು ಉದ್ದ ಮಾತಾಡಿದರು. ಸಭೆ ಮುಗಿದಾಗ ಅವನಿಂದ ಏಳಲು ಆಗಲಿಲ್ಲ.

ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಅಕೆನೇಸೆ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಪಕ್ಕದ ಊರಿನವಳೇ. ಲೆಮಾನನನ್ನು ಹಡಗಿನಲ್ಲಿ ಕಡಲು ದಾಟಿಸಿ ರಾಜಧಾನಿ ಅಪಿಯಾದ ದೊಡ್ಡಾಸ್ಪತ್ರೆಗೆ ಕಳಿಸಿ, ಅವನು ವಾಪಸ್ ಬಂದ ಮೇಲೆ ಸಿನೇವಾಳನ್ನು ಒಬ್ಬಳನ್ನೇ ಒಳಗೆ ಕರೆದಿದ್ದಳು.

"ಆವತ್ತು ಕೂಡಲೇ ಎದ್ದು ಬಂದಿದ್ರೆ ಇಷ್ಟು ಹಾಳಾಗ್ತಿರಲಿಲ್ಲ. ಹೃದಯದ ಒಂದು ಕಡೆ ಮಾಂಸ ಸತ್ತಿದೆ, ಅಲ್ಲಿ ಗಾಯದ ಕಲೆ ನಿಂತಿದೆ. ಬಡಿತ ಆ ಕಲೆಯ ಹತ್ರ ದಾರಿ ತಪ್ಪಬಹುದು. ಒಂದೆರಡು ಬಡಿತ ತಪ್ಪಿದ್ರೆ ಹೆದರ್ಬೇಡಿ. ಒಂದೇ ಸಮ ಓಡೋಕೆ ಶುರುವಾಗಿ, ನಿಲ್ಲದೇ ಇದ್ದು, ತಲೆ ಸುತ್ತೋಕೆ ಬಂದ್ರೆ ಮಾತ್ರ ಯಾವುದಕ್ಕೂ ಕಾಯ್ಬೇಡಿ."

"ಯಾವುದಕ್ಕೂ ಅಂದ್ರೆ?"

"ಯಾವುದಕ್ಕೂ ಅಂದ್ರೆ ಯಾವುದಕ್ಕೂ. ಸಭೆ, ಚರ್ಚು, ಮದುವೆ, ಇನ್ನೊಬ್ಬರ ಹೆಣ. ನಮ್ಮ ಗಂಡಸರು ಕೂತಲ್ಲೇ ಮರ್ಯಾದೆಯಿಂದ ಸಾಯೋದ್ರಲ್ಲಿ ಗಟ್ಟಿಗರು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

ನಾಡಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಎಣಿಸುವ ಗೋಜಿಗೆ ಹೋಗಬೇಡಿ, ಅವರ ಬಡಿತದ ನಡಿಗೆ ಗೊತ್ತಾದರೆ ಸಾಕು, ನಡಿಗೆ ಬದಲಾದರೆ ನಿಮಗೇ ತಿಳಿಯುತ್ತದೆ ಎಂದಿದ್ದಳು. ಅಂದಿನಿಂದ ಸಿನೇವಾ ದಿನವೂ ಆ ನಡಿಗೆಯನ್ನು ಕೇಳುತ್ತಿದ್ದಳು. ಅದು ಕುಂಟುವ ನಡಿಗೆ. ಆಗಾಗ ಒಂದು ತಪ್ಪುತ್ತಿತ್ತು, ಮತ್ತೆ ಸರಿಹೋಗುತ್ತಿತ್ತು.

ಲೆಮಾನ ಮಾತ್ರ ತನಗೆ ಏನೂ ಆಗಿಲ್ಲ ಎನ್ನುವಂತೆ ಇದ್ದ. ಉಪ್ಪು ಕಡಿಮೆಯಾಗಿದೆ ಎಂದು ಬಯ್ಯುತ್ತಿದ್ದ. ಡಬ್ಬಿಯ ಗೋಮಾಂಸವನ್ನು ಬಚ್ಚಿಟ್ಟದ್ದಕ್ಕೆ ಬಯ್ಯುತ್ತಿದ್ದ. ಸಂಜೆಯಾದರೆ ರಸ್ತೆಯ ಕಡೆ ಕಣ್ಣಿಟ್ಟು ಕೂರುತ್ತಿದ್ದ.

ರಸ್ತೆಯ ಕಡೆ ನೋಡುವುದಕ್ಕೆ ಕಾರಣವಿತ್ತು. ಊರಿನಲ್ಲಿ ಸಂಜೆ ಸಾ ಎಂಬ ಪ್ರಾರ್ಥನೆಯ ಹೊತ್ತು ಇರುತ್ತದೆ. ರಸ್ತೆಬದಿಯ ಬಾದಾಮಿ ಮರಕ್ಕೆ ಖಾಲಿ ಗ್ಯಾಸ್ ಸಿಲಿಂಡರ್ ನೇತುಹಾಕಿದ್ದಾರೆ. ಕಬ್ಬಿಣದ ಸಲಾಕೆಯಿಂದ ಅದಕ್ಕೆ ಮೊದಲ ಸಲ ಬಡಿದರೆ ಹೊಲದಿಂದ, ಕಡಲಿನಿಂದ ಮನೆಗೆ ಬರಬೇಕು. ಎರಡನೇ ಸಲ ಬಡಿದರೆ ಪ್ರಾರ್ಥನೆಗೆ ಕೂರಬೇಕು. ಮೂರನೇ ಹೊಡೆತ ಬೀಳುವವರೆಗೆ ರಸ್ತೆಯಲ್ಲಿ ಮನುಷ್ಯ ನಡೆಯುವಂತಿಲ್ಲ, ಗಾಡಿ ಉರುಳುವಂತಿಲ್ಲ. ಪಟ್ಟವಿಲ್ಲದ ಗಂಡಸರು ಕೋಲು ಹಿಡಿದು ರಸ್ತೆ ಕಾಯುತ್ತಾರೆ. ಬೇರೆ ಊರುಗಳಲ್ಲಿ ಇದು ಸಡಿಲವಾಗುತ್ತ ಬಂದಿದೆ. ಇಲ್ಲಿ ಬಿಗಿಯಾಗಿತ್ತು, ಬಿಗಿ ಮಾಡಿದವನು ಲೆಮಾನ. ಒಮ್ಮೆ ಪಾದ್ರಿಯ ಕಾರನ್ನೇ ನಿಲ್ಲಿಸಿದ್ದ.

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಇಯೋಪುವಿನ ಹೆಂಡತಿ ಮಾಸಿನಾಳಿಗೆ ಸಾ ಹೊತ್ತಿನಲ್ಲೇ ಹೆರಿಗೆ ನೋವು ಬಂದಿತ್ತು. ಇಯೋಪು ಪಿಕಪ್ ಹೊರಡಿಸಿದ. ಬಾದಾಮಿ ಮರದ ಹತ್ತಿರ ಕಾವಲಿನವರು ತಡೆದರು. ಮೂರನೇ ಹೊಡೆತ ಬೀಳುವುದರೊಳಗೆ ಹೆಣ್ಣು ಮಗು ಪಿಕಪ್ಪಿನ ಹಿಂಭಾಗದಲ್ಲೇ ಹುಟ್ಟಿತು. ಹಾಗಿದ್ದೂ ಮಾರನೆಯ ದಿನ ಗಾಡಿ ಹೊರಡಿಸಿದ ತಪ್ಪಿಗೆ ಇಯೋಪುವನ್ನು ಸಭೆಗೆ ಕರೆಸಿದರು.

"ಹತ್ತು ನಿಮಿಷ ಕಾಯೋಕೆ ಆಗ್ತಿರಲಿಲ್ವಾ?" ಎಂದು ಲೆಮಾನ ಕೇಳಿದ್ದ.

"ಮಗುವಿಗೆ ನಿಮ್ಮ ಕಾನೂನು ಗೊತ್ತಿರಲಿಲ್ಲ" ಎಂದಿದ್ದ ಇಯೋಪು.

ಆ ಒಂದು ಮಾತಿಗೆ ದಂಡ ಏರಿತು. ಡಬ್ಬಿ ಮೀನಿನಲ್ಲಿ ಮುಗಿಯಬೇಕಾಗಿದ್ದದ್ದು ಹೆಣ್ಣು ಹಂದಿಯಾಯಿತು. ಇಯೋಪು ಹಂದಿ ಕೊಟ್ಟ. ಮಗಳಿಗೆ ತಾವಾಲೆ ಎಂದು ಹೆಸರಿಟ್ಟ. ತಾವಾಲೆ ಎಂದರೆ ಗಾಡಿ. ದಿನಕ್ಕೆ ಹತ್ತು ಸಲ ಆ ಹೆಸರನ್ನು ಲೆಮಾನನ ಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕರೆಯುತ್ತಿದ್ದ. ಎರಡೂ ಮನೆಯ ಗಂಡಸರು ಅಲ್ಲಿಂದ ಮಾತು ಬಿಟ್ಟಿದ್ದರು.

ಆ ಸಂಜೆ ಎರಡನೇ ಹೊಡೆತ ಬಿದ್ದಾಗ ಎಲ್ಲ ಎಂದಿನಂತೆಯೇ ಇತ್ತು. ಮಗಳು ಲಾಗಿ ಹಾಡು ಎತ್ತಿದಳು. ಮೊಮ್ಮಕ್ಕಳು ಸೇರಿಕೊಂಡರು. ಸಿನೇವಾಳ ಬೆರಳು ಜಾಗ ಹುಡುಕಿಕೊಂಡಿತು. ಹಾಡು ಮುಗಿದು ಲೆಮಾನ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದ. ಅವನ ಪ್ರಾರ್ಥನೆ ಉದ್ದ. ಊರು, ಪಾದ್ರಿ, ತೋಟ, ಕಡಲು, ಸರ್ಕಾರ ಎಲ್ಲ ಸರದಿಯಂತೆ ಬರುತ್ತದೆ.

ಕಡಲಿನ ಹತ್ತಿರ ಬಂದಾಗ ಅವಳ ಬೆರಳ ಕೆಳಗೆ ಒಂದು ಬಡಿತ ತಪ್ಪಿತು. ಮತ್ತೆರಡು ಬಂದು ಇನ್ನೊಂದು ತಪ್ಪಿತು. ಅವಳು ಕಾದಳು. ಆಮೇಲೆ ಒಮ್ಮೆಲೇ ತಗಡಿನ ಮಾಡಿನ ಮೇಲೆ ಮಳೆ ಸುರಿದ ಹಾಗೆ ಬಡಿತ ಸಣ್ಣಗೆ, ಒತ್ತೊತ್ತಾಗಿ ಓಡತೊಡಗಿತು. ನಿಲ್ಲಲಿಲ್ಲ.

"ಸಾಕು, ನಿಲ್ಸಿ" ಎಂದಳು ಮೆಲ್ಲಗೆ.

ಲೆಮಾನ ಕಣ್ಣು ತೆರೆಯಲಿಲ್ಲ. "ಕರ್ತನೇ, ನಿನ್ನ ಹೊತ್ತಲ್ಲಿ ಬಾಯಿ ಮುಚ್ಕೊಂಡಿರೋ ಬುದ್ಧಿಯನ್ನ ಈ ಮನೆಯ ಹೆಂಗಸರಿಗೆ ಕೊಡು" ಎಂದು ಅದೇ ರಾಗದಲ್ಲಿ ಮುಂದುವರಿಸಿದ.

ಮೊಮ್ಮಕ್ಕಳು ಕಿಸಕ್ಕೆಂದವು.

ಸಿನೇವಾ ಕೂಡ ಕಣ್ಣು ಮುಚ್ಚಿದಳು. "ಕರ್ತನೇ, ಈ ಮುದುಕನಿಗೆ ತಲೆ ಸುತ್ತುತ್ತಾ ಇದೆಯಾ ಅಂತ ನೀನೇ ಕೇಳು. ನಾನು ಕೇಳಿದ್ರೆ ಸುಳ್ಳು ಹೇಳ್ತಾನೆ."

ಅವಳು ಕಣ್ಣು ಬಿಟ್ಟು ನೋಡಿದಳು. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಸರ್ಕಾರದವರೆಗೆ ಬರದೆ ಪ್ರಾರ್ಥನೆ ನಿಂತುಹೋಗಿತ್ತು. ಅವನು ಮೆಲ್ಲಗೆ ಬಗ್ಗಿ ಹಣೆಯನ್ನು ಚಾಪೆಗೆ ಊರಿದ.

"ಸುತ್ತುತ್ತೆ" ಎಂದ. "ಮೂರನೇದು ಹೊಡೀಲಿ. ಆಮೇಲೆ ಹೋಗೋಣ."

"ಈಗಲೇ ಹೋಗೋದು."

"ಸಿನೇವಾ, ಊರು ನೋಡ್ತಿದೆ."

ಅವಳಿಗೆ ಆವಾ ಬಟ್ಟಲು ನೆನಪಾಯಿತು. ಆವತ್ತೂ ಊರು ನೋಡುತ್ತಿತ್ತು. ಇಡೀ ಊರು ನೋಡುತ್ತಿದ್ದಂತೆಯೇ ಹೃದಯದ ಒಂದು ಪಾಲು ಸತ್ತಿತ್ತು. ಉಳಿದ ಪಾಲನ್ನೂ ಹಾಗೆ ಬಿಡಲು ಅವಳು ತಯಾರಿರಲಿಲ್ಲ. ಅವರ ಸ್ವಂತ ಪಿಕಪ್ ಟೈರಿಲ್ಲದೆ ಕಲ್ಲುಗಳ ಮೇಲೆ ನಿಂತಿತ್ತು. ಆಂಬುಲೆನ್ಸ್ ಕರೆದರೆ ಅದು ಆಸ್ಪತ್ರೆಯಿಂದ ಬಂದು ಮತ್ತೆ ಅಲ್ಲಿಗೇ ಹೋಗಬೇಕು. ಅವಳು ಸೊಂಟಕ್ಕೆ ಸುತ್ತಿದ್ದ ಲಾವಲಾವದ ಗಂಟು ಬಿಗಿಮಾಡಿಕೊಂಡು ಎದ್ದಳು. "ಲಾಗಿ, ಅಪ್ಪನ್ನ ಮಗ್ಗುಲಿಗೆ ಮಲಗ್ಸು. ಎದ್ರೆ ಮೇಲೆ ಕೂತ್ಕೋ" ಎಂದು ಹೇಳಿ, ಸಾ ಹೊತ್ತಿನಲ್ಲಿ, ಎಲ್ಲರಿಗೂ ಕಾಣುವಂತೆ, ಹುಲ್ಲಿನಂಗಳ ದಾಟಿ ಇಯೋಪುವಿನ ಮನೆಗೆ ನಡೆದಳು.

ಅಲ್ಲಿಯೂ ಪ್ರಾರ್ಥನೆ ನಡೆಯುತ್ತಿತ್ತು. ಇಯೋಪು ಒಂದು ಕಣ್ಣು ತೆರೆದು ನೋಡಿದ. ಎರಡನೆಯದನ್ನೂ ತೆರೆದ.

"ಏನು ಸಿನೇವಾಕ್ಕ, ಸಾ ಹೊತ್ತಲ್ಲಿ ನಡ್ಕೊಂಡು ಬಂದ್ರಿ? ಊರಿನವರ ಹಂದಿ ಸಾಲ್ದು ಅಂತ ನಿಮ್ಮ ಯಜಮಾನರು ಮನೆ ಹಂದೀನೂ ದಂಡಕ್ಕೆ ಕಳಿಸ್ತಿದಾರಾ?"

"ಎದೆ ಓಡ್ತಾ ಇದೆ ಕಣೋ. ತಲೆ ಎತ್ತೋಕೆ ಆಗ್ತಿಲ್ಲ. ನಿನ್ನ ಗಾಡಿ ಬೇಕು."

ಎರಡು ವರ್ಷದಿಂದ ಕಾದಿಟ್ಟ ಮಾತು ಇಯೋಪುವಿನ ಬಾಯಿಗೆ ತಾನಾಗಿಯೇ ಬಂತು. "ಹತ್ತು ನಿಮಿಷ ಕಾಯೋಕೆ ಆಗಲ್ವಾ ಅಂತ ಅವರನ್ನೇ ಕೇಳಿ."

ಮಾಸಿನಾ ಕೈಲಿದ್ದ ಬೀಸಣಿಗೆಯಿಂದ ಗಂಡನ ತಲೆಗೆ ಪಟ್ಟೆಂದು ಹೊಡೆದಳು. "ಆ ಮನುಷ್ಯ ಸತ್ತುಹೋದ್ರೆ ಆಮೇಲೆ ಯಾರ ಮೇಲೆ ಸಿಟ್ಟು ಇಟ್ಕೊಂಡಿರ್ತೀಯ ನೀನು? ಕೀಲಿ ತಗೊಂಡು ಏಳು."

"ಬರಲ್ಲ ಅಂದ್ನಾ ನಾನು? ಒಂದು ಮಾತು ಕೇಳೋಕೂ ಬೇಡ್ವಾ?" ಇಯೋಪು ಎದ್ದೇಬಿಟ್ಟಿದ್ದ.

ಪಿಕಪ್ಪನ್ನು ಹಿಮ್ಮುಖವಾಗಿ ಅಂಗಳಕ್ಕೆ ತಂದು, ಚಾಪೆಯ ಸಮೇತ ಲೆಮಾನನನ್ನು ಇಯೋಪು, ಸಿನೇವಾ, ಲಾಗಿ ಮೂವರೂ ಎತ್ತಿ ಹಿಂದೆ ಮಲಗಿಸಿದರು. ಅವನು ಭಾರದ ಆಳು. ಸಿನೇವಾ ಹತ್ತಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಯಾರದು ಗಾಡಿ?" ಎಂದ ಲೆಮಾನ.

"ಇಯೋಪುದು."

"ನಾನು ಇಳೀತೀನಿ."

"ಇಳೀರಿ ನೋಡೋಣ" ಎಂದು ಇಯೋಪು ಮುಂದಿನಿಂದಲೇ ಹೇಳಿ ಗೇರು ಹಾಕಿದ.

ಬಾದಾಮಿ ಮರದ ಹತ್ತಿರ ರಸ್ತೆಯ ನಟ್ಟನಡುವೆ ತಾನಿಯೇಲು ನಿಂತಿದ್ದ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸಿಲಿಂಡರ್ ಬಡಿಯುವ ಸಲಾಕೆ. ಮೂವತ್ತು ದಾಟಿದ ಗಟ್ಟಿ ಆಳು, ಕಾವಲಿನವರಿಗೆಲ್ಲ ಮುಖಂಡ. ಲೆಮಾನನ ತೀರಿಹೋದ ತಮ್ಮನ ಮಗ, ಇವರ ಮನೆಯಲ್ಲೇ ಬೆಳೆದವನು. ಕಾವಲಿನ ಕೆಲಸ ಒಪ್ಪಿಸಿದ ದಿನ ಲೆಮಾನ ಅವನಿಗೆ ಒಂದೇ ಮಾತು ಹೇಳಿದ್ದ: ನಾನೇ ಬಂದರೂ ಬಿಡಬೇಡ.

ತಾನಿಯೇಲು ಕೋಲು ಅಡ್ಡ ಹಿಡಿದ. ಇಯೋಪು ಬ್ರೇಕ್ ಒತ್ತಿದ.

"ಮತ್ತೆ ನೀನೇನಾ?" ಎಂದ ತಾನಿಯೇಲು. "ಈ ಸಲ ಯಾರಿಗೆ ಹೆರಿಗೆ?"

"ನಿನ್ನ ದೊಡ್ಡಪ್ಪನಿಗೆ" ಎಂದ ಇಯೋಪು.

ತಾನಿಯೇಲು ಹಿಂದೆ ಬಂದು ನೋಡಿ ಬೆಚ್ಚಿದ. ಆದರೂ ರಸ್ತೆ ಬಿಡಲಿಲ್ಲ. "ದೊಡ್ಡಮ್ಮ, ಇನ್ನೇನು ಮುಗಿದೇಹೋಯ್ತು. ಪಾದ್ರಿಗಳ ಮನೇಲಿ ಕೊನೇ ಹಾಡು ನಡೀತಿದೆ. ಅದು ನಿಂತ ತಕ್ಷಣ ಹೊಡೀತೀನಿ. ದೊಡ್ಡಪ್ಪನೇ ಹೇಳಿದಾರೆ, ನಾನೇ ಬಂದ್ರೂ ಬಿಡ್ಬೇಡ ಅಂತ."

"ಸರಿಯಾಗಿ ಹೇಳ್ದ" ಎಂದ ಲೆಮಾನ, ಮಲಗಿದಲ್ಲಿಂದಲೇ. ಆ ಧ್ವನಿಯಲ್ಲಿ ಗಾಳಿಯೇ ಇರಲಿಲ್ಲ.

ಪಾದ್ರಿಯ ಮನೆಯ ಹಾಡು ಎಷ್ಟು ಚರಣದ್ದು ಎಂದು ಸಿನೇವಾಳಿಗೆ ಗೊತ್ತಿತ್ತು. ಬಯ್ಯಬಹುದಿತ್ತು, ಅಳಬಹುದಿತ್ತು. ಎರಡಕ್ಕೂ ಹೊತ್ತು ಹಿಡಿಯುತ್ತದೆ. ಅವಳು ಕೈ ಚಾಚಿ ತಾನಿಯೇಲುವಿನ ಮುಂಗೈ ಹಿಡಿದೆಳೆದಳು. ಕೋಲು ಕೆಳಗೆ ಬಿತ್ತು. ಅವನ ಎರಡು ಬೆರಳನ್ನು ಲೆಮಾನನ ಮಣಿಕಟ್ಟಿನ ಮೇಲೆ ಒತ್ತಿ ಹಿಡಿದಳು.

"ಇಲ್ಲಿ. ಗೊತ್ತಾಗ್ತಿದೆಯಾ?"

ತಾನಿಯೇಲು ಬಗ್ಗಿ ಬೆರಳನ್ನು ಇನ್ನಷ್ಟು ಒತ್ತಿದ.

"ಇದು ಇನ್ನೆಷ್ಟು ಹೊತ್ತು ಹೀಗೆ ಓಡುತ್ತೆ ಅಂತ ನಂಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ನಿಂಗೆ ಗೊತ್ತಿದ್ರೆ ಹೇಳು, ಕಾಯ್ತೀನಿ."

ಅಷ್ಟರಲ್ಲಿ ಲೆಮಾನನ ತಲೆ ಅವಳ ತೊಡೆಯ ಮೇಲೆ ಒಂದು ಕಡೆಗೆ ವಾಲಿತು. ಕಣ್ಣು ಅರೆತೆರೆದಿತ್ತು, ಎತ್ತಲೂ ನೋಡುತ್ತಿರಲಿಲ್ಲ. "ಸಕಾಯೊ!" ಎಂದು ಕೂಗಿದಳು. ಮದುವೆಗೆ ಮುಂಚೆ ಕರೆಯುತ್ತಿದ್ದ ಹೆಸರು. "ಸಕಾಯೊ, ಏ, ನನ್ನ ನೋಡೋ!"

ತಾನಿಯೇಲು ರಸ್ತೆ ನೋಡಿದ. ಪಾದ್ರಿಯ ಮನೆಯ ಕಡೆ ನೋಡಿದ. ಅಲ್ಲಿ ಹಾಡು ಇನ್ನೂ ನಡೆಯುತ್ತಿತ್ತು. ಅವನು ಮರದ ಹತ್ತಿರ ಓಡಿ ಸಲಾಕೆಯಿಂದ ಸಿಲಿಂಡರಿಗೆ ಬೀಸಿ ಬಡಿದ. ಒಂದು ಸಲ ಸಾಕಾಗಿದ್ದ ಕಡೆ ಕೈ ಸೋಲುವವರೆಗೆ ಬಡಿದ.

ಮನೆಮನೆಗಳಲ್ಲಿ ಹಾಡು ಅರ್ಧಕ್ಕೆ ನಿಂತಿತು. ಬೈಬಲ್ ತೆರೆದೇ ಇತ್ತು, ಯಾರೂ ಆಮೆನ್ ಎಂದಿರಲಿಲ್ಲ. ಊರಿಗೆ ಊರೇ ಕಂಬಗಳ ನಡುವಿನಿಂದ ಕತ್ತು ಹೊರಹಾಕಿ ನೋಡುವಾಗ ಇಯೋಪುವಿನ ಪಿಕಪ್ ತಿರುವು ದಾಟಿತ್ತು.

ಲಾವಾ ಬಯಲಿನ ರಸ್ತೆಯಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಿನೇವಾ ಒಂದು ಕೈಯಿಂದ ಗಂಡನ ಗದ್ದ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ನಾಡಿಯಿಂದ ತೆಗೆಯದೆ ಕೂತಳು. ಬಡಿತ ಓಡುತ್ತಲೇ ಇತ್ತು. ಓಡುವವರೆಗೆ ಇದ್ದಾನೆ ಎಂದು ಲೆಕ್ಕ ಹಾಕಿದಳು. ನಡುವೆ ಒಮ್ಮೆ ಅವನು ಕಣ್ಣು ಬಿಟ್ಟು, "ಹುಡುಗ ಬಿಟ್ನಾ?" ಎಂದ.

"ಬಿಟ್ಟ."

"ಕತ್ತೆ" ಎಂದು ಮತ್ತೆ ಕಣ್ಣು ಮುಚ್ಚಿದ. ಬಯ್ಯುವಷ್ಟು ಜೀವವಿದೆಯಲ್ಲ ಎಂದು ಅವಳಿಗೆ ಸ್ವಲ್ಪ ಉಸಿರಾಡಿದ ಹಾಗಾಯಿತು.

ಮುಂದಿನ ಊರಿನಲ್ಲಿ ಕಾವಲಿನವರು ಇನ್ನೂ ನಿಂತಿದ್ದರು. ಇಯೋಪು ದೀಪ ಮಿಣುಕಿಸುತ್ತ ಹಾರನ್ ಒತ್ತಿ ಹಿಡಿದ. ಗಾಡಿಯ ವೇಗ ನೋಡಿಯೇ ಅವರು ಪಕ್ಕಕ್ಕೆ ಹಾರಿದರು.

ಆಸ್ಪತ್ರೆಯ ಬಾಗಿಲಲ್ಲಿ ಗಾಡಿ ನಿಂತಾಗ ಡಾಕ್ಟರ್ ಅಕೆನೇಸೆ ಕೈಯಲ್ಲಿದ್ದ ಬ್ರೆಡ್ಡು ಬಿಸಾಕಿ ಓಡಿಬಂದಳು. ಎದೆಗೆ ವೈರು ಅಂಟಿಸಿದರು. ಪರದೆಯ ಮೇಲೆ ಗೆರೆ ಗರಗಸದ ಹಲ್ಲಿನಂತೆ ಹರಿಯುತ್ತಿತ್ತು. ಅದನ್ನು ಓದಲು ಸಿನೇವಾಳಿಗೆ ಬರುತ್ತಿರಲಿಲ್ಲ. ಆದರೆ ಬೆರಳಿಗೆ ಗೊತ್ತಿದ್ದದ್ದೇ ಅಲ್ಲಿ ಕಾಣುತ್ತಿತ್ತು.

"ಕಲೆಯ ಸುತ್ತ ಸುತ್ತು ಹೊಡೀತಿದೆ. ಬಾಲ ಹಿಡಿಯೋಕೆ ಓಡೋ ನಾಯಿ ಥರ" ಎಂದಳು ಡಾಕ್ಟರು. "ಮಂಪರು ಬರ್ಸಿ ಒಂದು ಶಾಕ್ ಕೊಡ್ತೀನಿ. ಅಮ್ಮ, ನೀವು ಹೊರಗಿರಿ."

"ಹೊರಗೆ ಹೋಗಲ್ಲ."

ಡಾಕ್ಟರು ವಾದ ಮಾಡಲಿಲ್ಲ. "ಸರಿ, ಆದ್ರೆ ಮುಟ್ಕೊಂಡಿರ್ಬೇಡಿ. ನಾನು ಹೇಳಿದ ಮೇಲೆ ಮುಟ್ಟಿ."

ಸಂಜೆಯಿಂದ ಮೊದಲ ಸಲ ಸಿನೇವಾ ಕೈ ಬಿಟ್ಟಳು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಸೂಜಿಮದ್ದಿಗೆ ಲೆಮಾನನ ಬಾಯಿ ಸಡಿಲವಾಯಿತು. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಅವನ ಎದೆ ಹಾಸಿಗೆಯಿಂದ ಒಮ್ಮೆ ಜಿಗಿದು ಬಿತ್ತು. ಪರದೆಯ ಗೆರೆ ಚಪ್ಪಟೆಯಾಯಿತು. ಎಷ್ಟು ಹೊತ್ತು ಎಂದು ಕೇಳಿದರೆ ಅವಳು ಈಗಲೂ ಸುಳ್ಳೇ ಹೇಳುತ್ತಾಳೆ. ಆಮೇಲೆ ಒಂದು ಗುಡ್ಡ ಎದ್ದಿತು. ಹಿಂದೆಯೇ ಇನ್ನೊಂದು. ನಡುವೆ ಉಸಿರಾಡುವಷ್ಟು ಜಾಗವಿತ್ತು.

"ಈಗ ಹಿಡೀರಿ" ಎಂದಳು ಡಾಕ್ಟರು.

ಹಿಡಿದಳು. ಅದೇ ಕುಂಟುವ ಹಳೆಯ ನಡಿಗೆ.

"ಈ ಸಲ ಕಾಯಲಿಲ್ಲ ನೀವು" ಎಂದಳು ಅಕೆನೇಸೆ.

"ಸ್ವಲ್ಪ ಕಾದೆ. ರಸ್ತೇಲಿ."

"ಜಾಸ್ತಿ ಕಾದಿದ್ರೆ ಇವರು ಹೀಗೆ ಗೊರಕೆ ಹೊಡೀತಿರಲಿಲ್ಲ."

ಹೊರಗೆ ಇಯೋಪು ಪಿಕಪ್ಪಿನ ಬಾನೆಟ್ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಅವಳನ್ನು ಕಂಡು ಕೆಳಗಿಳಿದ. "ಬದುಕಿದಾರಾ?"

"ಬದುಕಿದಾರೆ."

ಅವನು ಮುಖ ಆಚೆ ತಿರುಗಿಸಿದ. "ಹಾಗಾದ್ರೆ ನನ್ನ ಹಂದಿ ವಾಪಸ್ ಕೇಳ್ಬಹುದು" ಎಂದ. ಸಿನೇವಾ ನಕ್ಕಳು. ನಗುವಿನ ನಡುವೆಯೇ ಅಳು ಬಂದದ್ದರಿಂದ ಎರಡನ್ನೂ ಲಾವಲಾವದ ಅಂಚಿನಿಂದ ಒರೆಸಿಕೊಂಡಳು.

ಮತ್ತೆ ಹಡಗು, ಮತ್ತೆ ಅಪಿಯಾ. ಬಡಿತ ಅಂಕೆಯಲ್ಲಿಡುವ ಹೊಸ ಮಾತ್ರೆ ಕೊಟ್ಟರು. ಪೂರ್ತಿ ವಾಸಿಯಾಗುವ ಮಾತು ಯಾರೂ ಆಡಲಿಲ್ಲ. ಕಲೆ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಓಡಬಹುದು. ಬರುವ ವರ್ಷ ನ್ಯೂಜಿಲೆಂಡಿನ ವೈದ್ಯರು ಬಂದಾಗ, ಓಡಿದ ಕೂಡಲೇ ತಾನೇ ಶಾಕ್ ಕೊಡುವ ಪುಟ್ಟ ಯಂತ್ರವನ್ನು ಎದೆಯೊಳಗೆ ಕೂರಿಸಬಹುದು ಎಂದರು. ಅಲ್ಲಿಯವರೆಗೆ ಮಾತ್ರೆ, ಎರಡು ಬೆರಳು ಮತ್ತು ಹತ್ತಿರದಲ್ಲೊಂದು ಗಾಡಿ.

ಲೆಮಾನ ಮನೆಗೆ ಬಂದ ಮೇಲೆ ಸಭೆ ಸೇರಿತು. ವಿಷಯ ತಾನಿಯೇಲುವಿನದು. ಸಾ ಮುಗಿಯುವ ಮೊದಲೇ ಮೂರನೇ ಹೊಡೆತ ಹೊಡೆದವರು ಊರಿನ ನೆನಪಿನಲ್ಲೇ ಯಾರೂ ಇರಲಿಲ್ಲ. ಅವನನ್ನು ಕಾವಲಿನಿಂದ ತೆಗೆಯಬೇಕು, ಊರಿಂದಾಚೆ ಕಳಿಸಬೇಕು ಎಂದೂ ಒಬ್ಬಿಬ್ಬರು ಹೇಳುತ್ತಿದ್ದರು. ಸಭೆಯ ಮನೆಗೂ ಗೋಡೆಯಿಲ್ಲವಾದ್ದರಿಂದ ಸಿನೇವಾ ಹಿಂದಿನ ಅಡಿಗೆ ಚಪ್ಪರದಲ್ಲಿ ಟಾರೊ ಗೆಡ್ಡೆಯ ಸಿಪ್ಪೆ ಹೆರೆಯುತ್ತ ಎಲ್ಲ ಕೇಳಿಸಿಕೊಂಡಳು. ಮುಂದೆ ಅಂಗಳದಲ್ಲಿ ತಾನಿಯೇಲು ತಲೆ ತಗ್ಗಿಸಿ ಕೂತಿದ್ದ.

ಲೆಮಾನ ತನ್ನ ಕಂಬಕ್ಕೆ ಒರಗಿದ. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಎರಡೂ ಕಾಲನ್ನು ಮುಂದಕ್ಕೆ ಚಾಚಿ ಮೇಲೊಂದು ಚಾಪೆ ಎಳೆದುಕೊಂಡ. ಚಾಪೆ ಮುಚ್ಚಿದರೆ ತಪ್ಪಿಲ್ಲ, ತೀರ ಮುದುಕರು ಹಾಗೆ ಕೂರುತ್ತಾರೆ. ಲೆಮಾನ ಹಾಗೆ ಕೂತದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ತಪ್ಪು ಹುಡುಗಂದಲ್ಲ" ಎಂದ. "ನನ್ನ ಎದೆದು. ದಂಡ ನಾನು ಕಟ್ತೀನಿ. ಎರಡು ಹೆಣ್ಣು ಹಂದಿ. ಒಂದು ಊರಿಗೆ, ಒಂದು ಇಯೋಪುಗೆ."

"ಇಯೋಪುಗೆ ಯಾಕಪ್ಪ?" ಎಂದರು ಎಲ್ಲರಿಗಿಂತ ಹಿರಿಯರಾದ ಸೆಯುಲಿ.

"ಅವನ ಮಗು ಕಾನೂನು ಕೇಳ್ಕೊಂಡು ಹುಟ್ಟಲಿಲ್ಲ ಅಂತ ದಂಡ ಹಾಕ್ದೆ. ನನ್ನ ಎದೆನೂ ಕಾನೂನು ಕೇಳ್ಕೊಂಡು ಓಡಲಿಲ್ಲ." ಚಾಪೆಯನ್ನು ಸರಿಮಾಡಿಕೊಂಡು, "ಕಾಯಿಲೆಯವರ ಗಾಡೀನ ಸಾ ಹೊತ್ತಲ್ಲಿ ಬಿಡ್ಬೇಕು" ಎಂದ.

ಗುಜುಗುಜು ಎದ್ದಿತು. ಸೆಯುಲಿ ಬೀಸಣಿಗೆ ಆಡಿಸಿದರು. "ಬಿಟ್ಟೆವು ಅಂತ ಇಟ್ಕೋ. ನಾಳೆಯಿಂದ ಊರಿನ ಹುಡುಗರಿಗೆಲ್ಲ ಸಂಜೆ ಎದೆ ಓಡೋಕೆ ಶುರುವಾಗುತ್ತೆ. ಎಲ್ಲಾ ಬಿಯರ್ ಅಂಗಡಿ ಕಡೆಗೇ ಓಡುತ್ತೆ."

"ಓಡಲಿ. ರಸ್ತೇಲಿ ತಾನಿಯೇಲು ನಿಲ್ತಾನೆ. ನಾಡಿ ನೋಡ್ತಾನೆ. ಅವನಿಗೆ ನಾಡಿ ನೋಡೋಕೆ ಬರುತ್ತೆ."

ಮೊದಲು ನಕ್ಕವರು ಸೆಯುಲಿಯೇ. ಅವರ ನಗುವಿನ ಹಿಂದೆ ಸಭೆಯೂ ನಕ್ಕಿತು. ನಕ್ಕ ಮೇಲೆ ಇಲ್ಲ ಎನ್ನುವುದು ಕಷ್ಟ. ಆವಾ ಬಟ್ಟಲು ಸುತ್ತತೊಡಗುವ ಹೊತ್ತಿಗೆ ಮಾತು ತೀರ್ಮಾನವಾಗಿತ್ತು. ಅಂಗಳದಲ್ಲಿ ತಾನಿಯೇಲು ತಲೆ ಎತ್ತಿದ್ದ, ತನ್ನ ಎರಡು ಬೆರಳನ್ನು ತಾನೇ ನೋಡಿಕೊಳ್ಳುತ್ತಿದ್ದ.

ಮಧ್ಯಾಹ್ನ ಲಾಗಿ ಹಂದಿಯನ್ನು ಹಗ್ಗ ಕಟ್ಟಿ ಪಕ್ಕದ ಮನೆಗೆ ಎಳೆದುಕೊಂಡು ಹೋದಳು. ಇಯೋಪು ಅದರ ಸುತ್ತ ಒಂದು ಸುತ್ತು ಬಂದು, ಲೆಮಾನನಿಗೆ ಕೇಳುವಂತೆ, "ನಂದು ಇದಕ್ಕಿಂತ ದಪ್ಪ ಇತ್ತು" ಎಂದ.

"ನಿಂದಕ್ಕೆ ಎರಡು ಹಲ್ಲಿರಲಿಲ್ಲ" ಎಂದು ಲೆಮಾನ ಇಲ್ಲಿಂದಲೇ ಕೂಗಿದ. ಪಿಕಪ್ಪಿನಲ್ಲಿ ಆಡಿದ ಒಂದೆರಡು ಮಾತು ಬಿಟ್ಟರೆ, ಎರಡು ವರ್ಷದಲ್ಲಿ ಅವರಿಬ್ಬರೂ ಸಭೆಯ ಹೊರಗೆ ಆಡಿದ ಪೂರ್ತಿ ಮಾತುಕತೆ ಅದೇ. ತಾವಾಲೆ ಹಂದಿಯ ಬೆನ್ನ ಮೇಲೆ ಹತ್ತಲು ನೋಡಿ ಬಿದ್ದು ಅತ್ತಿತು.

ಸಂಜೆ ಎರಡನೇ ಹೊಡೆತ ಬಿತ್ತು. ಲಾಗಿ ಹಾಡು ಎತ್ತುವ ಮೊದಲೇ ಲೆಮಾನ ಬಲಗೈಯನ್ನು ಅಂಗಾತ ಮಾಡಿ ಸಿನೇವಾಳ ಮಡಿಲಿಗೆ ಹಾಕಿದ.

"ಹಿಡ್ಕೋ" ಎಂದ. "ಕದ್ದು ಹಿಡಿಯೋದು ಬೇಡ. ಆ ಬಾವಿಕಟ್ಟೆಯವರು ಹೇಗಿದ್ರೂ ಆಡ್ಕೋತಾರೆ."

"ನೀವು ಪ್ರಾರ್ಥನೆ ಸ್ವಲ್ಪ ಚಿಕ್ಕದು ಮಾಡಿ. ಕೈ ನೋಯುತ್ತೆ."

"ಸರ್ಕಾರ ಬಿ‌ಡ್ತೀನಿ. ಕಡಲು ಬಿಡಲ್ಲ."

ಹಾಡು ಶುರುವಾಯಿತು. ರಸ್ತೆಯಲ್ಲಿ ತಾನಿಯೇಲು ಕೋಲೂರಿ ನಿಂತದ್ದು ಕಂಬಗಳ ನಡುವಿನಿಂದ ಕಾಣುತ್ತಿತ್ತು. ಇಯೋಪುವಿನ ಪಿಕಪ್ ಅಂಗಳದಲ್ಲಿ ರಸ್ತೆಗೆ ಮುಖ ಮಾಡಿ ನಿಂತಿತ್ತು. ಮುಂಚೆ ಅದು ಮನೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಸಿನೇವಾಳ ಬೆರಳ ಕೆಳಗೆ ಬಡಿತ ಕುಂಟುತ್ತ ನಡೆಯಿತು. ಒಂದು ತಪ್ಪಿತು. ಅವಳು ಉಸಿರು ಬಿಗಿಹಿಡಿದಳು. ಮುಂದಿನದು ಬಂತು. ಅದರ ಹಿಂದೆ ಇನ್ನೊಂದು ಬಂತು. ಅವಳೂ ಹಾಡಿಗೆ ದನಿ ಸೇರಿಸಿದಳು.